ಪಾಸ್‌ಪೋರ್ಟ್ ಅರ್ಜಿ ತಡವಾದರೆ ದೂರು ಎಲ್ಲಿ, ಹೇಗೆ ಕೊಡಬೇಕು?

ಅರ್ಜಿ ಸಲ್ಲಿಸಿ ಎರಡು ತಿಂಗಳಾಯಿತು, ಪೊಲೀಸರು ವಿಚಾರಿಸಿಕೊಂಡು ಹೋದರು, ಆದರೂ ಪಾಸ್‌ಪೋರ್ಟ್ ಬಂದಿಲ್ಲ. ಈಗ ಯಾರಿಗೆ ದೂರು ಕೊಡಬೇಕು? ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಹೆಚ್ಚಿನವರು ಅಷ್ಟರೊಳಗೆ ಎರಡು ಮೂರು ಕಡೆ ದೂರು ಕೊಟ್ಟಿರುತ್ತಾರೆ ಮತ್ತು ಎಲ್ಲ ಕಡೆಯಿಂದಲೂ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಸಾಲಿನ ಉತ್ತರ ಪಡೆದಿರುತ್ತಾರೆ. ಅವರ ಕಾಗದಗಳನ್ನು ನೋಡಿದಾಗ ಸಾಮಾನ್ಯವಾಗಿ ಕಾಣುವ ತೊಡಕು ಒಂದೇ: ಕಡತ ಒಂದು ಕಚೇರಿಯಲ್ಲಿ ನಿಂತಿದೆ, ದೂರು ಇನ್ನೊಂದು ಕಚೇರಿಗೆ ಹೋಗಿದೆ. ಆದ್ದರಿಂದ ಈ ಲೇಖನದ ಅರ್ಧಭಾಗ ದೂರು ಬರೆಯುವುದಕ್ಕಿಂತ ಮುಂಚಿನ ಕೆಲಸದ ಬಗ್ಗೆಯೇ ಇದೆ. ದಯವಿಟ್ಟು ಆ ಭಾಗವನ್ನು ಹಾರಿಸಬೇಡಿ.

ಮೊದಲು ಕಡತದ ದಾರಿಯನ್ನು ತಿಳಿದುಕೊಳ್ಳೋಣ. ಆನ್‌ಲೈನ್‌ನಲ್ಲಿ ಅರ್ಜಿ ತುಂಬಿ ಶುಲ್ಕ ಕಟ್ಟಿದ ಮೇಲೆ ನೀವು ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೋ ಅಂಚೆ ಕಚೇರಿಯಲ್ಲಿರುವ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೋ ಹೋಗುತ್ತೀರಿ. (ಅಂಚೆ ಕಚೇರಿಯ ಕೇಂದ್ರಗಳು ದೇಶದಲ್ಲಿ ಮೊದಲು ಆರಂಭವಾದದ್ದು 2017ರ ಜನವರಿಯಲ್ಲಿ, ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ.) ಸೇವಾ ಕೇಂದ್ರದ ‘ಎ’ ಕೌಂಟರಿನಲ್ಲಿ ದಾಖಲೆಗಳನ್ನು ಸ್ಕ್ಯಾನ್ ಮಾಡಿ, ಭಾವಚಿತ್ರ ಮತ್ತು ಬೆರಳಚ್ಚು ಪಡೆಯುವವರು ಗುತ್ತಿಗೆ ಪಡೆದ ಖಾಸಗಿ ಸಂಸ್ಥೆಯ ನೌಕರರು. ‘ಬಿ’ ಕೌಂಟರಿನಲ್ಲಿ ಮೂಲ ದಾಖಲೆ ಪರಿಶೀಲಿಸುವವರು ಮತ್ತು ‘ಸಿ’ ಕೌಂಟರಿನಲ್ಲಿ ಮಂಜೂರಾತಿಯ ನಿರ್ಧಾರ ಮಾಡುವವರು ಸರ್ಕಾರಿ ಅಧಿಕಾರಿಗಳು. ಅಲ್ಲಿಂದ ಕಡತ ಪೊಲೀಸ್ ಪರಿಶೀಲನೆಗೆ ಹೋಗುತ್ತದೆ, ಅದು ರಾಜ್ಯ ಸರ್ಕಾರದ ಕೈಯಲ್ಲಿದೆ. ವರದಿ ಬಂದ ಮೇಲೆ ಮತ್ತೆ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿ. ಅದು ಕೇಂದ್ರದ ವಿದೇಶಾಂಗ ಸಚಿವಾಲಯದ ಅಧೀನದಲ್ಲಿದೆ. ಕರ್ನಾಟಕದ ಮಟ್ಟಿಗೆ ಈ ಕಚೇರಿ ಬೆಂಗಳೂರಿನ ಕೋರಮಂಗಲದಲ್ಲಿದೆ. ಕೊನೆಗೆ ಮುದ್ರಣವಾಗಿ ಸ್ಪೀಡ್ ಪೋಸ್ಟ್ ಮೂಲಕ ಮನೆಗೆ ಬರುತ್ತದೆ, ಅಂದರೆ ಅಂಚೆ ಇಲಾಖೆಯ ಕೈ ಸೇರುತ್ತದೆ. ಒಂದು ಕೈ ಮಾಡಿದ ತಡಕ್ಕೆ ಇನ್ನೊಂದು ಕೈ ಉತ್ತರ ಕೊಡುವುದಿಲ್ಲ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗುತ್ತದೆ.

1. ಕಾಗದಗಳನ್ನು ಒಂದೆಡೆ ಸೇರಿಸಿಕೊಳ್ಳಿ

ನಿಮ್ಮ ಬಳಿ ಎರಡು ಸಂಖ್ಯೆಗಳಿರುತ್ತವೆ ಮತ್ತು ಇವೆರಡನ್ನು ಅದಲುಬದಲು ಮಾಡಿಕೊಳ್ಳುವವರು ಬಹಳ ಮಂದಿ. ಆನ್‌ಲೈನ್ ಅರ್ಜಿ ಸಲ್ಲಿಸಿದ ಕೂಡಲೇ ಸಿಗುವುದು ಅರ್ಜಿ ಉಲ್ಲೇಖ ಸಂಖ್ಯೆ. ಇದನ್ನು ಎಲ್ಲರೂ ಎಆರ್‌ಎನ್ ಎನ್ನುತ್ತಾರೆ. ಸೇವಾ ಕೇಂದ್ರದಿಂದ ಹೊರಬರುವಾಗ ಕೊಡುವ ಸ್ವೀಕೃತಿ ಪತ್ರದಲ್ಲಿರುವುದು ಫೈಲ್ ನಂಬರ್. ಅದು ಅಕ್ಷರ ಮತ್ತು ಅಂಕಿ ಸೇರಿ 15 ಸ್ಥಾನಗಳದ್ದು. ಕಡತ ಎಲ್ಲಿದೆ ಎಂದು ನೋಡಲು, ದೂರು ಕೊಡಲು, ಪತ್ರ ಬರೆಯಲು ಬೇಕಾಗುವುದು ಈ ಫೈಲ್ ನಂಬರೇ. ಅದರ ಜೊತೆಗೆ ಅರ್ಜಿಯ ಮುದ್ರಿತ ಪ್ರತಿ, ಶುಲ್ಕ ಪಾವತಿಯ ರಸೀದಿ, ನೀವು ಸಲ್ಲಿಸಿದ ಪ್ರತಿಯೊಂದು ದಾಖಲೆಯ ನಕಲು ಮತ್ತು ಪಾಸ್‌ಪೋರ್ಟ್ ಕಚೇರಿಯಿಂದ ಬಂದ ಸಂದೇಶ, ಇಮೇಲ್, ಪತ್ರಗಳನ್ನು ದಿನಾಂಕದ ಪ್ರಕಾರ ಜೋಡಿಸಿಡಿ.

ಒಂದು ಹಾಳೆಯ ಮೇಲೆ ದಿನಾಂಕಗಳ ಪಟ್ಟಿ ಬರೆಯಿರಿ: ಅರ್ಜಿ ಸಲ್ಲಿಸಿದ್ದು, ಕೇಂದ್ರಕ್ಕೆ ಹೋದದ್ದು, ಪೊಲೀಸರು ಕರೆ ಮಾಡಿದ್ದು ಅಥವಾ ಮನೆಗೆ ಬಂದದ್ದು, ಸಹಾಯವಾಣಿಗೆ ಮಾತನಾಡಿದ್ದು. ಕೆಲಸ ಚಿಕ್ಕದು. ಆದರೆ ‘ಬಹಳ ದಿನಗಳಿಂದ ಕಾಯುತ್ತಿದ್ದೇನೆ’ ಎಂಬ ದೂರಿಗೂ ‘ಮಾರ್ಚ್ 4ರಂದು ಪೊಲೀಸ್ ವಿಚಾರಣೆ ಮುಗಿದಿದೆ, ಏಪ್ರಿಲ್ 20ರವರೆಗೂ ಸ್ಥಿತಿ ಬದಲಾಗಿಲ್ಲ’ ಎಂಬ ದೂರಿಗೂ ಸಿಗುವ ಉತ್ತರದಲ್ಲಿ ದೊಡ್ಡ ವ್ಯತ್ಯಾಸವಿರುತ್ತದೆ.

2. ಕಡತ ಎಲ್ಲಿದೆ ಎಂದು ಓದಿಕೊಳ್ಳಿ

ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಾಗಲಿ ಎಂ-ಪಾಸ್‌ಪೋರ್ಟ್ ಸೇವಾ ಆ್ಯಪ್‌ನಲ್ಲಾಗಲಿ ಫೈಲ್ ನಂಬರ್ ಮತ್ತು ಜನ್ಮದಿನಾಂಕ ಕೊಟ್ಟರೆ ಕಡತದ ಸ್ಥಿತಿ ಕಾಣುತ್ತದೆ. ಅಧಿಕೃತ ವಿಳಾಸ ಪಾಸ್‌ಪೋರ್ಟ್‌ಇಂಡಿಯಾ ಡಾಟ್ ಗವ್ ಡಾಟ್ ಇನ್ ಒಂದೇ. ಅದೇ ಹೆಸರನ್ನು ಹೋಲುವ ನಕಲಿ ತಾಣಗಳು ಹೆಚ್ಚುವರಿ ಶುಲ್ಕ ವಸೂಲಿ ಮಾಡುವ ಬಗ್ಗೆ ವಿದೇಶಾಂಗ ಸಚಿವಾಲಯವೇ ಎಚ್ಚರಿಸಿದೆ. ನಿಮ್ಮ ಫೈಲ್ ನಂಬರ್ ಅಧಿಕೃತ ತಾಣದಲ್ಲಿ ಕಾಣಿಸುತ್ತಲೇ ಇಲ್ಲವಾದರೆ, ಅರ್ಜಿ ಸಲ್ಲಿಸಿದ್ದು ಎಲ್ಲಿ ಎಂಬುದನ್ನೇ ಮೊದಲು ಖಚಿತಪಡಿಸಿಕೊಳ್ಳಬೇಕು.

ತೆರೆಯ ಮೇಲೆ ಕಾಣುವ ಸಾಲುಗಳ ಅರ್ಥ ಹೀಗಿದೆ.

ಅರ್ಜಿ ‘ಹೋಲ್ಡ್’ನಲ್ಲಿದೆ ಎಂದಿದ್ದರೆ ದಾಖಲೆಯೊಂದು ಕಡಿಮೆಯಿದೆ ಅಥವಾ ಇರುವ ದಾಖಲೆಯಲ್ಲಿ ಹೊಂದಾಣಿಕೆಯಿಲ್ಲ ಎಂದರ್ಥ. ಇಲ್ಲಿ ಕಾಯುತ್ತಿರುವುದು ಕಚೇರಿ, ತಡವಾಗುತ್ತಿರುವುದು ನಿಮ್ಮಿಂದ. ಯಾವ ದಾಖಲೆ ಬೇಕೆಂಬುದು ಸ್ವೀಕೃತಿ ಪತ್ರದಲ್ಲೇ ಬರೆದಿರುತ್ತದೆ. ಮನೆಗೆ ಬಂದ ಮೇಲೆ ಅದನ್ನು ಯಾರೂ ಓದುವುದಿಲ್ಲ ಎಂಬುದು ನನ್ನ ಅನುಭವ.

ಪೊಲೀಸ್ ಪರಿಶೀಲನೆ ಎಸ್‌ಪಿ ಅಥವಾ ಡಿಸಿಪಿ ಬಳಿ ಬಾಕಿಯಿದೆ ಎಂದಿದ್ದರೆ ಕಡತ ಜಿಲ್ಲಾ ಪೊಲೀಸ್ ಕಚೇರಿಯಲ್ಲಿದೆ ಅಥವಾ ಅಲ್ಲಿಂದ ನಿಮ್ಮ ಠಾಣೆಗೆ ಹೋಗಿದೆ. ಪಾಸ್‌ಪೋರ್ಟ್ ಕಚೇರಿಗೆ ಎಷ್ಟು ದೂರು ಕೊಟ್ಟರೂ ಅವರು ಮಾಡಬಲ್ಲದ್ದು ಪೊಲೀಸರಿಗೆ ಜ್ಞಾಪನಾ ಪತ್ರ ಕಳಿಸುವುದಷ್ಟೇ.

ಪೊಲೀಸ್ ವರದಿ ಪ್ರಾದೇಶಿಕ ಕಚೇರಿಯಲ್ಲಿ ಪರಿಶೀಲನೆಯಲ್ಲಿದೆ ಎಂದಿದ್ದರೆ ವರದಿ ಬಂದಿದೆ, ಆದರೆ ಅದು ಸ್ಪಷ್ಟವಾಗಿಲ್ಲದಿರಬಹುದು. ವರದಿಗಳು ಮೂರು ಬಗೆ. ತಕರಾರಿಲ್ಲದ್ದು ‘ಕ್ಲಿಯರ್’, ಅರ್ಜಿದಾರ ಸಿಗಲಿಲ್ಲ, ದಾಖಲೆ ಸಾಲದು ಎಂಬಂಥದ್ದು ‘ಅಪೂರ್ಣ’, ಮೊಕದ್ದಮೆ ಬಾಕಿಯಿದೆ ಅಥವಾ ಕೊಟ್ಟ ಮಾಹಿತಿ ಸರಿಯಿಲ್ಲ ಎಂಬಂಥದ್ದು ‘ಪ್ರತಿಕೂಲ’. ಈ ಸಾಲು ವಾರಗಟ್ಟಲೆ ಬದಲಾಗದಿದ್ದರೆ ಪಾಸ್‌ಪೋರ್ಟ್ ಕಚೇರಿಯನ್ನೇ ವಿಚಾರಿಸಬೇಕು, ಪೊಲೀಸರನ್ನಲ್ಲ.

ಪಾಸ್‌ಪೋರ್ಟ್ ಮಂಜೂರಾಗಿದೆ ಅಥವಾ ಮುದ್ರಣವಾಗಿದೆ ಎಂದಿದ್ದರೆ ಕೆಲವು ದಿನ ಕಾಯುವುದೇ ಸರಿ. ರವಾನೆಯಾಗಿದೆ ಎಂದಿದ್ದು, ಸ್ಪೀಡ್ ಪೋಸ್ಟ್ ಸಂಖ್ಯೆಯೂ ಬಂದಿದ್ದರೆ ಇನ್ನು ಪ್ರಶ್ನೆ ಅಂಚೆಯವರದು.

ಇನ್ನೊಂದು ಮಾತು. 2018ರಿಂದ ದೇಶದ ಯಾವ ಪಾಸ್‌ಪೋರ್ಟ್ ಕಚೇರಿಯನ್ನಾದರೂ ಆರಿಸಿಕೊಂಡು ಅರ್ಜಿ ಸಲ್ಲಿಸಬಹುದು. ಊರು ಕಲಬುರಗಿಯಾದರೂ ಕೆಲಸ ಪುಣೆಯಲ್ಲಿದ್ದರೆ ಪುಣೆಯ ಕಚೇರಿಯನ್ನೇ ಆರಿಸಿರಬಹುದು. ಆಗ ದೂರು ಹೋಗಬೇಕಾದ್ದು ನೀವು ಆರಿಸಿದ ಆ ಕಚೇರಿಗೆ; ಪೊಲೀಸ್ ಪರಿಶೀಲನೆ ನಡೆಯುವುದು ಅರ್ಜಿಯಲ್ಲಿ ಕೊಟ್ಟ ವಾಸದ ವಿಳಾಸದಲ್ಲಿ. ಇವೆರಡು ಬೇರೆ ಬೇರೆ ರಾಜ್ಯಗಳಲ್ಲಿದ್ದಾಗ ಗೊಂದಲ ಹೆಚ್ಚು.

3. ತೊಡಕು ನಮ್ಮ ಕಡೆಯದೇ ಎಂದು ನೋಡಿಕೊಳ್ಳಿ

ಇದನ್ನು ನಿಮ್ಮ ಮೇಲೆ ತಪ್ಪು ಹೊರಿಸಲು ಹೇಳುತ್ತಿಲ್ಲ. ದೂರಿಗೆ ‘ಅರ್ಜಿದಾರರಿಂದ ದಾಖಲೆ ಬಂದಿಲ್ಲ’ ಎಂಬ ಉತ್ತರ ಬಂದರೆ ಆ ದೂರು ಅಲ್ಲಿಗೇ ಮುಗಿದಂತೆ, ಹೊಸದಾಗಿ ಆರಂಭಿಸಬೇಕಾಗುತ್ತದೆ.

ನಮ್ಮ ಕಡೆ ಅತಿ ಹೆಚ್ಚು ಕಾಡುವುದು ಹೆಸರಿನ ಇನಿಷಿಯಲ್. ತಂದೆಯ ಹೆಸರಿನದೋ ಊರಿನ ಹೆಸರಿನದೋ ಮೊದಲಕ್ಷರವನ್ನು ಹೆಸರಿನ ಹಿಂದೆ ಮುಂದೆ ಇಟ್ಟುಕೊಳ್ಳುವುದು ನಮ್ಮಲ್ಲಿ ರೂಢಿ. ಪಾಸ್‌ಪೋರ್ಟ್‌ನಲ್ಲಿ ಮಾತ್ರ ಹೆಸರನ್ನು ಬಿಡಿಸಿ ಪೂರ್ತಿಯಾಗಿ ಬರೆಯಬೇಕು. ಅಂಕಪಟ್ಟಿಯಲ್ಲಿ ‘ಕೆ. ಎಸ್.’ ಎಂದೂ ಆಧಾರ್‌ನಲ್ಲಿ ಬರೀ ಹೆಸರೆಂದೂ ಪ್ಯಾನ್ ಕಾರ್ಡಿನಲ್ಲಿ ಬಿಡಿಸಿದ ರೂಪದಲ್ಲೂ ಇದ್ದರೆ ‘ಬಿ’ ಕೌಂಟರಿನಲ್ಲೇ ಕಡತ ನಿಲ್ಲಬಹುದು. ಒಂದು ದಾಖಲೆಯನ್ನು ತಿದ್ದಿಸಿ ಎಲ್ಲವನ್ನೂ ಒಂದೇ ರೂಪಕ್ಕೆ ತರುವುದು ನಿಧಾನದ ಕೆಲಸವಾದರೂ ಶಾಶ್ವತ ಪರಿಹಾರ ಅದೇ.

ಎರಡನೆಯದು ವಿಳಾಸ. ಅರ್ಜಿ ಸಲ್ಲಿಸಿ ವಾರದಲ್ಲೇ ಬಾಡಿಗೆ ಮನೆ ಬದಲಿಸಿದವರು, ಕಾಲೇಜು ಹಾಸ್ಟೆಲಿನಲ್ಲಿದ್ದುಕೊಂಡು ಊರಿನ ವಿಳಾಸ ಕೊಟ್ಟವರು, ಪೊಲೀಸರು ಹೋದಾಗ ಸಿಗುವುದಿಲ್ಲ. ಆಗ ವರದಿ ಅಪೂರ್ಣ ಎಂದು ಹಿಂದಿರುಗುತ್ತದೆ. ಹೀಗಾಗಿದ್ದರೆ ಪಾಸ್‌ಪೋರ್ಟ್ ಕಚೇರಿಗೆ ಪತ್ರ ಬರೆದು, ಈಗಿನ ವಿಳಾಸದ ಪುರಾವೆಯೊಂದಿಗೆ, ಪೊಲೀಸ್ ಪರಿಶೀಲನೆಯನ್ನು ಮತ್ತೊಮ್ಮೆ ನಡೆಸಲು ಕೋರಬೇಕು. ಇದು ಕೋರಿಕೆ, ದೂರಲ್ಲ. ಪತ್ರದ ಧಾಟಿಯೂ ಹಾಗೇ ಇರಲಿ.

ಮೂರನೆಯದು ಅತ್ಯಂತ ಅಪಾಯಕಾರಿ. ಮೊದಲ ಅರ್ಜಿ ತಡವಾಯಿತೆಂದು ಅದನ್ನು ಹಾಗೇ ಬಿಟ್ಟು, ಹಳೆಯದನ್ನು ತಿಳಿಸದೆ ಎರಡನೆಯ ಅರ್ಜಿ ಹಾಕಬೇಡಿ. ಹಿಂದೆ ಅರ್ಜಿ ಸಲ್ಲಿಸಿ ಪಾಸ್‌ಪೋರ್ಟ್ ಸಿಗದೇ ಹೋಗಿದೆಯೇ ಎಂಬ ಪ್ರಶ್ನೆ ನಮೂನೆಯಲ್ಲೇ ಇದೆ. 1967ರ ಪಾಸ್‌ಪೋರ್ಟ್ ಕಾಯ್ದೆಯ 12ನೇ ಕಲಮಿನ ಪ್ರಕಾರ, ಪಾಸ್‌ಪೋರ್ಟ್ ಪಡೆಯುವ ಉದ್ದೇಶದಿಂದ ಗೊತ್ತಿದ್ದೂ ತಪ್ಪು ಮಾಹಿತಿ ಕೊಡುವುದು ಮತ್ತು ಮುಖ್ಯವಾದ ಮಾಹಿತಿಯನ್ನು ಮುಚ್ಚಿಡುವುದು ಅಪರಾಧ. ಎರಡು ವರ್ಷದವರೆಗಿನ ಸೆರೆವಾಸ ಅಥವಾ 5,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಬರೀ ತಡವಾಗಿದ್ದ ಕಡತವನ್ನು ತಕರಾರಿನ ಕಡತವಾಗಿ ಮಾಡಿಕೊಂಡವರನ್ನು ನೋಡಿ ನೊಂದು ಈ ಮಾತು ಹೇಳುತ್ತಿದ್ದೇನೆ.

4. ಪೊಲೀಸ್ ಪರಿಶೀಲನೆಯಲ್ಲಿ ನಿಂತಿದ್ದರೆ

ಪೊಲೀಸ್ ವರದಿಗೆ ನಿಗದಿಯಾಗಿರುವ ಗುರಿ 21 ದಿನ. ಅದು ಮೀರುವವರೆಗೆ ಕೊಡುವ ದೂರಿಗೆ ಬಲವಿರುವುದಿಲ್ಲ. ಮೀರಿದ ಮೇಲೆ ಮೊದಲು ನಿಮ್ಮ ಠಾಣೆಗೆ ಖುದ್ದಾಗಿ ಹೋಗಿ, ಪಾಸ್‌ಪೋರ್ಟ್ ಪರಿಶೀಲನೆ ನೋಡಿಕೊಳ್ಳುವ ಸಿಬ್ಬಂದಿ ಯಾರೆಂದು ಕೇಳಿ, ಫೈಲ್ ನಂಬರ್ ತೋರಿಸಿ. ಕೇಳಬೇಕಾದ ಪ್ರಶ್ನೆ ಒಂದೇ: ಕಡತ ಠಾಣೆಗೆ ಬಂದಿದೆಯೇ, ಬಂದಿದ್ದರೆ ಯಾವ ದಿನ ವಾಪಸು ಕಳಿಸಿದ್ದೀರಿ? ಠಾಣೆಯಿಂದ ವರದಿ ನೇರವಾಗಿ ಪಾಸ್‌ಪೋರ್ಟ್ ಕಚೇರಿಗೆ ಹೋಗುವುದಿಲ್ಲ, ಜಿಲ್ಲಾ ಪೊಲೀಸ್ ಕಚೇರಿಯ ಮೂಲಕ ಹೋಗುತ್ತದೆ. ‘ನಾವು ಕಳಿಸಿಯಾಗಿದೆ’ ಎಂದು ಠಾಣೆಯವರು ಹೇಳುವುದೂ ನಿಜವಿರಬಹುದು, ಜಾಲತಾಣದಲ್ಲಿ ‘ಬಾಕಿ’ ಎಂದು ಕಾಣುವುದೂ ನಿಜವಿರಬಹುದು. ಎರಡರ ನಡುವೆ ಎಸ್‌ಪಿ ಅಥವಾ ಕಮಿಷನರ್ ಕಚೇರಿಯ ಪಾಸ್‌ಪೋರ್ಟ್ ವಿಭಾಗವಿದೆ. ಎರಡನೆಯ ಭೇಟಿ ಅಲ್ಲಿಗೆ.

ಅಲ್ಲಿಯೂ ಚಲನೆ ಕಾಣದಿದ್ದರೆ ಎಸ್‌ಪಿ ಅಥವಾ ಡಿಸಿಪಿಯವರ ಹೆಸರಿಗೆ ಒಂದು ಪುಟದ ಮನವಿ ಬರೆದು, ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ನಕಲಿನ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ರಾಜ್ಯ ಸರ್ಕಾರದ ಜನಸ್ಪಂದನ ವ್ಯವಸ್ಥೆಯಲ್ಲೂ, ಅದರ 1902 ಸಹಾಯವಾಣಿಯಲ್ಲೂ ಪೊಲೀಸ್ ಇಲಾಖೆಯ ಮೇಲಿನ ದೂರನ್ನು ದಾಖಲಿಸಬಹುದು. ಕೇಂದ್ರದ ಪೋರ್ಟಲ್‌ನಲ್ಲಿ ವಿದೇಶಾಂಗ ಸಚಿವಾಲಯಕ್ಕೆ ಪೊಲೀಸರ ಬಗ್ಗೆ ದೂರು ಬರೆದರೆ ‘ಇದು ರಾಜ್ಯ ಪೊಲೀಸರಿಗೆ ಸಂಬಂಧಿಸಿದ್ದು’ ಎಂದು ಮುಚ್ಚಿಬಿಡುತ್ತಾರೆ. ಹಾಗೆ ಮುಚ್ಚುವುದು ಅವರ ದೃಷ್ಟಿಯಿಂದ ತಪ್ಪೂ ಅಲ್ಲ.

ಪೊಲೀಸ್ ಪರಿಶೀಲನೆಗೆ ಅರ್ಜಿದಾರರು ಯಾವ ಹಣವನ್ನೂ ಕೊಡಬೇಕಾಗಿಲ್ಲ. ಅದರ ವೆಚ್ಚವನ್ನು ಕೇಂದ್ರ ಸರ್ಕಾರವೇ ರಾಜ್ಯ ಪೊಲೀಸರಿಗೆ ಭರಿಸುತ್ತದೆ. ಹಣ ಕೇಳಿದರೆ ದೂರು ಹೋಗಬೇಕಾದ್ದು ಲೋಕಾಯುಕ್ತಕ್ಕೆ. ಭ್ರಷ್ಟಾಚಾರ ನಿಗ್ರಹ ದಳವನ್ನು ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ರದ್ದುಗೊಳಿಸಿದ ಮೇಲೆ ಕರ್ನಾಟಕದಲ್ಲಿ ಇಂಥ ಪ್ರಕರಣಗಳು ಲೋಕಾಯುಕ್ತ ಪೊಲೀಸರ ಬಳಿಗೇ ಬರುತ್ತವೆ. ಲಂಚದ ದೂರು ಮತ್ತು ತಡದ ದೂರು ಎರಡನ್ನೂ ಒಂದೇ ಪತ್ರದಲ್ಲಿ ಸೇರಿಸಬೇಡಿ. ಲಂಚದ ಆರೋಪವಿರುವ ಪತ್ರ ವಿಚಾರಣೆಯ ದಾರಿ ಹಿಡಿಯುತ್ತದೆ, ತಡವಾದ ಕೆಲಸ ಅಲ್ಲೇ ಉಳಿಯುತ್ತದೆ.

5. ಸಹಾಯವಾಣಿ ಮತ್ತು ವಿಚಾರಣಾ ಭೇಟಿ

ಕಡತ ಪಾಸ್‌ಪೋರ್ಟ್ ಕಚೇರಿಯಲ್ಲೇ ನಿಂತಿದ್ದರೆ ಮೊದಲ ಬಾಗಿಲು ರಾಷ್ಟ್ರೀಯ ಸಹಾಯವಾಣಿ, 1800-258-1800, ಶುಲ್ಕರಹಿತ. ಅಲ್ಲಿ ಮಾತನಾಡುವವರಿಗೆ ಕಡತವನ್ನು ಮುಂದೆ ಸರಿಸುವ ಅಧಿಕಾರವಿಲ್ಲ, ತೆರೆಯ ಮೇಲೆ ಕಾಣುವುದನ್ನು ವಿವರಿಸಿ ದೂರನ್ನು ದಾಖಲಿಸಿಕೊಳ್ಳಬಲ್ಲರು. ಆದ್ದರಿಂದ ಅವರ ಮೇಲೆ ರೇಗಿ ಫಲವಿಲ್ಲ. ದೂರಿನ ಸಂಖ್ಯೆ ಕೇಳಿ ಬರೆದುಕೊಂಡರೆ ಸಾಕು.

ಇದಕ್ಕಿಂತ ಹೆಚ್ಚು ಉಪಯುಕ್ತವಾದದ್ದು, ಆದರೆ ಬಹಳ ಜನರಿಗೆ ಗೊತ್ತಿಲ್ಲದ್ದು, ವಿಚಾರಣಾ ಅಪಾಯಿಂಟ್‌ಮೆಂಟ್. ಅಂದರೆ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯ ಅಧಿಕಾರಿಯನ್ನು ಕಂಡು ಕಡತದ ಬಗ್ಗೆ ಕೇಳಲು ಆನ್‌ಲೈನ್‌ನಲ್ಲೇ ಸಮಯ ಪಡೆಯುವ ಸೌಲಭ್ಯ. ಇದು ಸೇವಾ ಕೇಂದ್ರದಲ್ಲಿ ನಡೆಯುವುದಲ್ಲ. ಲಾಲ್‌ಬಾಗ್ ಅಥವಾ ಹುಬ್ಬಳ್ಳಿಯ ಕೇಂದ್ರದಲ್ಲಿ ಅರ್ಜಿ ಕೊಟ್ಟಿದ್ದೇನೆಂದು ಅಲ್ಲಿಗೇ ಮತ್ತೆ ಹೋದರೆ ಕಡತ ಅಲ್ಲಿರುವುದಿಲ್ಲ. ಭೇಟಿಗೆ ಹೋಗುವಾಗ ಮೂಲ ದಾಖಲೆಗಳು, ಒಂದು ಸೆಟ್ ನಕಲು ಮತ್ತು ಸಹಿ ಮಾಡಿದ ಮನವಿ ಪತ್ರ ಕೈಯಲ್ಲಿರಲಿ. ಅಧಿಕಾರಿ ಬಾಯಿಮಾತಿನಲ್ಲಿ ಹೇಳಿದ್ದನ್ನು ಹೊರಬಂದ ಕೂಡಲೇ ದಿನಾಂಕದೊಡನೆ ಬರೆದಿಟ್ಟುಕೊಳ್ಳಿ. ದೂರದ ಬೀದರಿನಿಂದಲೋ ಕಾರವಾರದಿಂದಲೋ ಬೆಂಗಳೂರಿಗೆ ಬರುವವರು ಮನವಿಯ ಎರಡು ಪ್ರತಿ ತಂದು, ಒಂದರ ಮೇಲೆ ಸ್ವೀಕೃತಿ ಪಡೆಯದೆ ಹಿಂದಿರುಗಬೇಡಿ. ಎರಡನೆಯ ಪ್ರಯಾಣವನ್ನು ಆ ಒಂದು ಮೊಹರು ಉಳಿಸಬಹುದು.

ಹಳೆಯ ಬಾಕಿ ಕಡತಗಳನ್ನು ಇತ್ಯರ್ಥಪಡಿಸಲು ಪ್ರಾದೇಶಿಕ ಕಚೇರಿಗಳು ಆಗಾಗ ಪಾಸ್‌ಪೋರ್ಟ್ ಅದಾಲತ್ ಕೂಡ ನಡೆಸುತ್ತವೆ. ಪ್ರಕಟಣೆ ಕಂಡರೆ ಬಳಸಿಕೊಳ್ಳಿ.

6. ಲಿಖಿತ ದೂರು

ಲಿಖಿತ ದೂರಿಗೆ ಎರಡು ದಾರಿಗಳಿವೆ. ಮೊದಲನೆಯದು ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿರುವ ಕುಂದುಕೊರತೆ ವಿಭಾಗ. ಎರಡನೆಯದು ಕೇಂದ್ರ ಸರ್ಕಾರದ ಕುಂದುಕೊರತೆ ನಿವಾರಣಾ ಪೋರ್ಟಲ್. ಸಿಪಿಗ್ರಾಮ್ಸ್ ಎಂಬುದು ಅದರ ರೂಢಿಯ ಹೆಸರು. ಇದೇ ಕ್ರಮದಲ್ಲಿ ಹೋಗುವುದು ಒಳ್ಳೆಯದು, ಏಕೆಂದರೆ ಮೊದಲನೆಯದರ ದೂರಿನ ಸಂಖ್ಯೆಯನ್ನು ಎರಡನೆಯದರಲ್ಲಿ ಉಲ್ಲೇಖಿಸಿದಾಗ, ನೀವು ಕೆಳಹಂತದಲ್ಲಿ ಪ್ರಯತ್ನಿಸಿ ಬಂದಿದ್ದೀರಿ ಎಂಬುದು ತಾನಾಗಿ ಸ್ಥಾಪಿತವಾಗುತ್ತದೆ.

ಸಿಪಿಗ್ರಾಮ್ಸ್‌ನಲ್ಲಿ ವಿದೇಶಾಂಗ ಸಚಿವಾಲಯವನ್ನು ಆರಿಸಿ, ಅದರೊಳಗೆ ಪಾಸ್‌ಪೋರ್ಟ್‌ಗೆ ಸಂಬಂಧಿಸಿದ ವಿಭಾಗಕ್ಕೆ ಹೋಗಬೇಕು. 2024ರ ಆಗಸ್ಟ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ದೂರು ಇತ್ಯರ್ಥಕ್ಕೆ 21 ದಿನಗಳ ಮಿತಿಯಿದೆ; ಅದಕ್ಕೂ ಹಿಂದೆ 30 ದಿನವಿತ್ತು. ದೂರು ಮುಚ್ಚಿದ ಮೇಲೆ ನಿಮ್ಮ ಅಭಿಪ್ರಾಯ ಕೇಳುತ್ತಾರೆ. ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಹಾಗೆಂದೇ ನಮೂದಿಸಿ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಬಹಳ ಮಂದಿ ಇಲ್ಲೇ ಕೈಬಿಡುತ್ತಾರೆ, ಅಥವಾ ಅದೇ ದೂರನ್ನು ಹೊಸದಾಗಿ ಹಾಕುತ್ತಾರೆ. ಹೊಸ ದೂರು ಮತ್ತೆ ಅದೇ ಮೇಜಿಗೆ ಹೋಗುತ್ತದೆ, ಮೇಲ್ಮನವಿ ಅದಕ್ಕಿಂತ ಮೇಲಿನ ಅಧಿಕಾರಿಗೆ ಹೋಗುತ್ತದೆ. ನ್ಯಾಯಾಲಯದಲ್ಲಿರುವ ವಿಷಯಗಳನ್ನೂ ಮಾಹಿತಿ ಹಕ್ಕಿನ ವಿಷಯಗಳನ್ನೂ ಈ ಪೋರ್ಟಲ್ ತೆಗೆದುಕೊಳ್ಳುವುದಿಲ್ಲ.

ದೂರಿನ ಒಕ್ಕಣೆ ಚಿಕ್ಕದಾಗಿರಲಿ. ಹೀಗೆ ಬರೆದರೆ ಸಾಕು:

‘ನನ್ನ ಫೈಲ್ ನಂಬರ್ (ಇಲ್ಲಿ ಸಂಖ್ಯೆ). ನಾನು (ದಿನಾಂಕ)ದಂದು (ಕೇಂದ್ರದ ಹೆಸರು) ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಹೊಸ ಪಾಸ್‌ಪೋರ್ಟ್‌ಗಾಗಿ ಅರ್ಜಿ ಸಲ್ಲಿಸಿರುತ್ತೇನೆ. (ದಿನಾಂಕ)ದಂದು ಪೊಲೀಸ್ ವಿಚಾರಣೆ ಮುಗಿದಿದೆ. (ದಿನಾಂಕ)ದಿಂದ ಜಾಲತಾಣದಲ್ಲಿ ವರದಿ ಪ್ರಾದೇಶಿಕ ಕಚೇರಿಯ ಪರಿಶೀಲನೆಯಲ್ಲಿದೆ ಎಂದು ತೋರಿಸುತ್ತಿದ್ದು, ಇದುವರೆಗೆ ನನ್ನಿಂದ ಯಾವುದೇ ದಾಖಲೆಯನ್ನಾಗಲಿ ವಿವರಣೆಯನ್ನಾಗಲಿ ಕೇಳಿರುವುದಿಲ್ಲ. (ದಿನಾಂಕ)ದಂದು ನೀಡಿದ ದೂರಿನ ಸಂಖ್ಯೆ (ಇಲ್ಲಿ ಸಂಖ್ಯೆ). ಕಡತ ಯಾವ ಕಾರಣಕ್ಕೆ ಬಾಕಿಯಿದೆ ಎಂಬುದನ್ನೂ, ನನ್ನಿಂದ ಏನಾದರೂ ಬೇಕಿದ್ದರೆ ಅದನ್ನೂ ಲಿಖಿತವಾಗಿ ತಿಳಿಸಿ, ಅರ್ಜಿಯನ್ನು ಇತ್ಯರ್ಥಪಡಿಸಬೇಕೆಂದು ಕೋರುತ್ತೇನೆ.’

‘ನನ್ನಿಂದ ಏನಾದರೂ ಬೇಕಿದ್ದರೆ’ ಎಂಬ ಮಾತನ್ನು ಬಿಡಬೇಡಿ. ಕಾರಣ ಹೇಳದೆ ‘ಪರಿಶೀಲನೆಯಲ್ಲಿದೆ’ ಎಂದು ಮುಚ್ಚುವುದು ಅದರಿಂದ ಕಷ್ಟವಾಗುತ್ತದೆ. ಪ್ರಯಾಣದ ತುರ್ತು ಇದ್ದರೆ ಒಂದು ಸಾಲಿನಲ್ಲಿ ಹೇಳಿ, ಪುರಾವೆ ಲಗತ್ತಿಸಿ: ವಿದೇಶಿ ವಿಶ್ವವಿದ್ಯಾಲಯದ ಪ್ರವೇಶ ಪತ್ರ, ಆಸ್ಪತ್ರೆಯ ಪತ್ರ, ಉದ್ಯೋಗದ ಆದೇಶ. ಪುರಾವೆಯಿಲ್ಲದ ತುರ್ತಿಗೆ ಬೆಲೆ ಕಡಿಮೆ.

ಎಕ್ಸ್ ಮುಂತಾದ ಸಾಮಾಜಿಕ ಜಾಲತಾಣಗಳಲ್ಲಿ ಪಾಸ್‌ಪೋರ್ಟ್ ಅಧಿಕಾರಿಗಳ ಖಾತೆಗಳಿವೆ ಮತ್ತು ಅವುಗಳಿಂದ ಕೆಲವೊಮ್ಮೆ ಬೇಗ ಉತ್ತರ ಬರುವುದೂ ಉಂಟು. ಆದರೆ ಫೈಲ್ ನಂಬರ್ ಮತ್ತು ಜನ್ಮದಿನಾಂಕವನ್ನು ಎಲ್ಲರಿಗೂ ಕಾಣುವಂತೆ ಎಂದಿಗೂ ಹಾಕಬೇಡಿ. ಇವೆರಡಿದ್ದರೆ ನಿಮ್ಮ ಕಡತದ ಸ್ಥಿತಿಯನ್ನು ಯಾರು ಬೇಕಾದರೂ ನೋಡಬಹುದು. ಅಂಥ ಸಂದೇಶಗಳನ್ನು ನೋಡಿಕೊಂಡು, ಪಾಸ್‌ಪೋರ್ಟ್ ಕಚೇರಿಯಿಂದ ಮಾತನಾಡುತ್ತಿದ್ದೇವೆಂದು ಕರೆ ಮಾಡಿ ಹಣ ಕೇಳುವ ವಂಚಕರಿಗೆ ಅದು ದಾರಿಮಾಡಿಕೊಡುತ್ತದೆ.

ವಿದೇಶದಲ್ಲಿದ್ದು ರಾಯಭಾರ ಕಚೇರಿಯ ಮೂಲಕ ಅರ್ಜಿ ಸಲ್ಲಿಸಿದವರು ಮದದ್ ಪೋರ್ಟಲ್ ಬಳಸಬೇಕು. ಮೇಲಿನ ಕ್ರಮ ಅವರಿಗೆ ಹೊಂದುವುದಿಲ್ಲ.

7. ಮಾಹಿತಿ ಹಕ್ಕಿನ ಅರ್ಜಿ

ದೂರಿಗೆ ಎರಡು ಸಲ ಹುರುಳಿಲ್ಲದ ಉತ್ತರ ಬಂದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಉತ್ತರಕ್ಕೆ 30 ದಿನಗಳ ಅವಧಿ. ಪಾಸ್‌ಪೋರ್ಟ್ ಕಚೇರಿಗೆ ಸಂಬಂಧಿಸಿದ್ದನ್ನು ಕೇಂದ್ರದ ಆನ್‌ಲೈನ್ ಪೋರ್ಟಲ್‌ನಲ್ಲಿ, ಪೊಲೀಸರಿಗೆ ಸಂಬಂಧಿಸಿದ್ದನ್ನು ರಾಜ್ಯದ ವ್ಯವಸ್ಥೆಯಲ್ಲಿ ಹಾಕಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು ಮತ್ತು ಸಾಮಾನ್ಯವಾಗಿ 150 ಪದ ಮೀರಬಾರದು. ಕೇಂದ್ರದ ನಿಯಮದಲ್ಲಿ 500 ಪದಗಳವರೆಗೆ ಅವಕಾಶವಿದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ‘ನನಗೆ ಏಕೆ ಇನ್ನೂ ಪಾಸ್‌ಪೋರ್ಟ್ ಕೊಟ್ಟಿಲ್ಲ?’ ಎಂದು ಕೇಳಿದರೆ ಅದು ಮಾಹಿತಿಯಲ್ಲ, ವಿವರಣೆ ಎಂದು ತಳ್ಳಿಹಾಕಬಹುದು. ಕಡತದಲ್ಲಿ ಇರುವುದನ್ನು ಕೇಳಬೇಕು: ನನ್ನ ಕಡತದ ಮೇಲೆ ಇಂಥ ದಿನಾಂಕದಿಂದ ಇಂದಿನವರೆಗೆ ಕೈಗೊಂಡ ದಿನವಾರು ಕ್ರಮದ ದಾಖಲೆ, ಟಿಪ್ಪಣಿ ಹಾಳೆಗಳ ಪ್ರತಿ, ಈಗ ಕಡತ ಯಾವ ಅಧಿಕಾರಿಯ ಬಳಿ ಇದೆ ಎಂಬುದರ ಪದನಾಮ, ಪೊಲೀಸ್ ವರದಿ ತಲುಪಿದ ದಿನಾಂಕ. ಇಂಥ ಅರ್ಜಿ ತಲುಪಿದ ಮೇಲೆ, ಉತ್ತರ ಬರುವ ಮೊದಲೇ ಕಡತ ಚಲಿಸಿದ ಉದಾಹರಣೆಗಳನ್ನು ನಾನು ಕಂಡಿದ್ದೇನೆ. ಟಿಪ್ಪಣಿ ಬರೆಯಬೇಕಾದರೆ ಯಾರಾದರೂ ಕಡತವನ್ನು ತೆರೆಯಲೇಬೇಕಲ್ಲ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಾಲದಿದ್ದರೆ, ಮುಂದಿನ 30 ದಿನಗಳೊಳಗೆ ಅದೇ ಕಚೇರಿಯ ಮೊದಲ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು.

8. ನೋಟಿಸ್ ಬಂದರೆ, ನಿರಾಕರಣೆಯಾದರೆ

ಪೊಲೀಸ್ ವರದಿ ಪ್ರತಿಕೂಲವಾಗಿದ್ದರೆ ಪಾಸ್‌ಪೋರ್ಟ್ ಕಚೇರಿ ಶೋಕಾಸ್ ನೋಟಿಸ್, ಅಂದರೆ ಕಾರಣ ಕೇಳುವ ನೋಟಿಸ್ ಕಳಿಸುತ್ತದೆ. ಅದರಲ್ಲಿ ಹೇಳಿದ ಗಡುವಿನೊಳಗೆ ಉತ್ತರ ಕೊಡಲೇಬೇಕು. ಉತ್ತರ ಬಾರದ ಕಡತವನ್ನು ಮುಚ್ಚುತ್ತಾರೆ, ಕಟ್ಟಿದ ಶುಲ್ಕ ಹಿಂದಿರುಗುವುದಿಲ್ಲ. ನೋಟಿಸ್ ಹಳೆಯ ವಿಳಾಸಕ್ಕೆ ಹೋಗಿ ಕೈಸೇರದೆ ಉಳಿಯುವುದು ಸಾಮಾನ್ಯ. ಸ್ಥಿತಿ ಬಹಳ ದಿನ ಬದಲಾಗದಿದ್ದರೆ ನೋಟಿಸ್ ಹೊರಟಿದೆಯೇ ಎಂದು ಸಹಾಯವಾಣಿಯಲ್ಲಿ ಮುದ್ದಾಂ ಕೇಳಿ, ಇಮೇಲ್‌ನ ಸ್ಪ್ಯಾಮ್ ಪೆಟ್ಟಿಗೆಯನ್ನೂ ನೋಡಿ.

ಪ್ರತಿಕೂಲ ವರದಿಗೆ ಕಾರಣ ಮೊಕದ್ದಮೆಯಾಗಿದ್ದರೆ ಕೆಲವು ಸಂಗತಿಗಳು ತಿಳಿದಿರಬೇಕು. ಕಾಯ್ದೆಯ 6(2)(ಎಫ್) ಕಲಮು ಪಾಸ್‌ಪೋರ್ಟ್ ನಿರಾಕರಿಸಲು ಹೇಳುವುದು ಕ್ರಿಮಿನಲ್ ನ್ಯಾಯಾಲಯದ ಮುಂದೆ ಪ್ರಕರಣ ಬಾಕಿಯಿದ್ದಾಗ. ಎಫ್‌ಐಆರ್ ದಾಖಲಾಗಿ ತನಿಖೆ ನಡೆಯುತ್ತಿರುವುದಷ್ಟೇ ಆ ಕಲಮಿನ ವ್ಯಾಪ್ತಿಗೆ ಬರುವುದಿಲ್ಲ, ನ್ಯಾಯಾಲಯವು ಪ್ರಕರಣವನ್ನು ಪರಿಗಣನೆಗೆ ತೆಗೆದುಕೊಂಡಿರಬೇಕು ಎಂದು ವಿದೇಶಾಂಗ ಸಚಿವಾಲಯ 2019ರ ಅಕ್ಟೋಬರ್‌ನಲ್ಲಿ ತನ್ನ ಕಚೇರಿಗಳಿಗೆ ಸ್ಪಷ್ಟಪಡಿಸಿದೆ. ಪ್ರಕರಣ ನಿಜವಾಗಿಯೂ ನ್ಯಾಯಾಲಯದಲ್ಲಿದ್ದರೂ ಬಾಗಿಲು ಮುಚ್ಚಿಲ್ಲ: 1993ರ ಆಗಸ್ಟ್ 25ರ ಅಧಿಸೂಚನೆಯಂತೆ, ಆ ನ್ಯಾಯಾಲಯದಿಂದ ವಿದೇಶ ಪ್ರಯಾಣಕ್ಕೆ ಅನುಮತಿ ಪಡೆದು ತಂದರೆ ಆದೇಶದಲ್ಲಿ ಹೇಳಿದ ಅವಧಿಗೆ ಪಾಸ್‌ಪೋರ್ಟ್ ಕೊಡಬಹುದು, ಆದೇಶದಲ್ಲಿ ಅವಧಿ ನಮೂದಿಸದಿದ್ದರೆ ಸಾಮಾನ್ಯವಾಗಿ ಒಂದು ವರ್ಷಕ್ಕೆ. ಹಳೆಯ ಪ್ರಕರಣ ಖುಲಾಸೆಯಾಗಿದ್ದರೆ ತೀರ್ಪಿನ ದೃಢೀಕೃತ ಪ್ರತಿಯನ್ನು ಉತ್ತರದ ಜೊತೆ ಲಗತ್ತಿಸಿ. ಪೊಲೀಸ್ ದಾಖಲೆಯಲ್ಲಿ ಖುಲಾಸೆ ನಮೂದಾಗದೆ ಉಳಿದಿರುವುದು ಅಪರೂಪವೇನಲ್ಲ.

ಅರ್ಜಿಯನ್ನು ನಿರಾಕರಿಸಿದರೆ ಕಾರಣಗಳನ್ನು ಬರವಣಿಗೆಯಲ್ಲಿ ದಾಖಲಿಸಿ, ಕೇಳಿದಾಗ ಪ್ರತಿ ಕೊಡಬೇಕು ಎಂದು 5(3) ಕಲಮು ಹೇಳುತ್ತದೆ; ದೇಶದ ಭದ್ರತೆಯಂಥ ಕೆಲವು ಕಾರಣಗಳಿಗೆ ಮಾತ್ರ ವಿನಾಯಿತಿಯಿದೆ. ಆ ಪ್ರತಿಯನ್ನು ಪಡೆದು, 11ನೇ ಕಲಮಿನಡಿ 30 ದಿನಗಳೊಳಗೆ ಮುಖ್ಯ ಪಾಸ್‌ಪೋರ್ಟ್ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಗಡುವು ಮುಖ್ಯ. ನಿರಾಕರಣೆಯ ಆದೇಶ ಕೈಯಲ್ಲಿಟ್ಟುಕೊಂಡು ಸಿಪಿಗ್ರಾಮ್ಸ್‌ನಲ್ಲಿ ಓಡಾಡುತ್ತ ಈ 30 ದಿನಗಳನ್ನು ಕಳೆದುಕೊಳ್ಳಬೇಡಿ.

ನಿರಾಕರಣೆಯೂ ಇಲ್ಲ, ಮಂಜೂರಾತಿಯೂ ಇಲ್ಲ, ಎಲ್ಲ ಮನವಿಗಳೂ ಮುಗಿದಿವೆ ಎಂಬ ಸ್ಥಿತಿಯಲ್ಲಿ ಉಳಿಯುವುದು ಹೈಕೋರ್ಟ್‌ನ ರಿಟ್ ಅರ್ಜಿ, ಸಂವಿಧಾನದ 226ನೇ ವಿಧಿಯಡಿ. ನಿಗದಿತ ಅವಧಿಯೊಳಗೆ ತೀರ್ಮಾನ ತೆಗೆದುಕೊಳ್ಳಿ ಎಂದು ಕಚೇರಿಗೆ ನಿರ್ದೇಶನ ಕೊಡಿಸುವುದು ಇಲ್ಲಿನ ಕೋರಿಕೆ. ವಿದೇಶ ಪ್ರಯಾಣದ ಹಕ್ಕು 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದಲ್ಲಿ ಸೇರಿದೆ, ಅದನ್ನು ಕಿತ್ತುಕೊಳ್ಳುವ ವಿಧಾನ ನ್ಯಾಯಯುತವಾಗಿರಬೇಕು ಎಂದು ಸುಪ್ರೀಂ ಕೋರ್ಟ್ 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಹೇಳಿದ್ದು ಪಾಸ್‌ಪೋರ್ಟ್ ಮುಟ್ಟುಗೋಲಿನ ವಿಷಯದಲ್ಲೇ. ಈ ಹಂತದಲ್ಲಿ ವಕೀಲರ ಸಹಾಯ ಬೇಕು, ಹಾಗೂ ಹಿಂದಿನ ಹಂತಗಳಲ್ಲಿ ಪಡೆದ ಪ್ರತಿಯೊಂದು ಮೊಹರು, ಪ್ರತಿಯೊಂದು ದೂರಿನ ಸಂಖ್ಯೆ ಇಲ್ಲಿ ಸಾಕ್ಷ್ಯವಾಗುತ್ತದೆ.

9. ಅಂಚೆಯಲ್ಲಿ ಸಿಲುಕಿದ್ದರೆ

ರವಾನೆಯಾದ ಪಾಸ್‌ಪೋರ್ಟ್ ಬಾರದಿದ್ದರೆ ಸ್ಪೀಡ್ ಪೋಸ್ಟ್ ಸಂಖ್ಯೆ ಹಿಡಿದು ನಿಮ್ಮ ಬಟವಾಡೆ ಅಂಚೆ ಕಚೇರಿಗೆ ಅಂದೇ ಹೋಗಿ. ಮನೆಗೆ ಬೀಗವಿದ್ದರೆ, ವಿಳಾಸ ಸಿಗದಿದ್ದರೆ ಅದು ಪಾಸ್‌ಪೋರ್ಟ್ ಕಚೇರಿಗೆ ವಾಪಸಾಗುತ್ತದೆ. ಹಾಗೆ ವಾಪಸಾದ ಮೇಲೆ ಗುರುತಿನ ಪುರಾವೆಯೊಂದಿಗೆ ಪ್ರಾದೇಶಿಕ ಕಚೇರಿಯನ್ನು ಸಂಪರ್ಕಿಸಬೇಕು.

ಪಾಸ್‌ಪೋರ್ಟ್ ಕೈಸೇರಿದ ದಿನವೇ ಹೆಸರಿನ ಕಾಗುಣಿತ, ಜನ್ಮದಿನಾಂಕ, ತಂದೆ ತಾಯಿಯ ಹೆಸರು, ವಿಳಾಸಗಳನ್ನು ಅಕ್ಷರ ಅಕ್ಷರವಾಗಿ ಓದಿ. ತತ್ಕಾಲ್ ಅರ್ಜಿದಾರರಲ್ಲಿ ಹಲವರಿಗೆ, ಸಾಮಾನ್ಯ ಅರ್ಜಿದಾರರಲ್ಲಿ ಕೆಲವರಿಗೆ, ಪಾಸ್‌ಪೋರ್ಟ್ ಕೊಟ್ಟ ನಂತರ ಪೊಲೀಸ್ ಪರಿಶೀಲನೆ ನಡೆಯುತ್ತದೆ. ಪುಸ್ತಕ ಬಂದಿತಲ್ಲ ಎಂದು ಠಾಣೆಯ ಕರೆಯನ್ನು ಕಡೆಗಣಿಸಿದರೆ ವರದಿ ಪ್ರತಿಕೂಲವಾಗಿ, ಕೊಟ್ಟ ಪಾಸ್‌ಪೋರ್ಟ್‌ನ ಮೇಲೆಯೇ ನೋಟಿಸ್ ಬರಬಹುದು. ಆದ್ದರಿಂದ ಕಡತದ ಕಾಗದಗಳನ್ನು ಆ ಪರಿಶೀಲನೆ ಮುಗಿಯುವವರೆಗೂ ಬಿಸಾಡದೆ ಇಟ್ಟುಕೊಂಡಿರಿ.